ಆನ್ ಮಾಡಿದ್ರೆ ‘ಫರ್ಮ್‌ವೇರ್ ಬಗ್’ ಅಂತ ಬರುತ್ತೆ, ಏನ್ಮಾಡ್ಲಿ?

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ಗೆ ವಿಂಡೋಸ್ ಬದಲು ಉಬುಂಟು ಲಿನಕ್ಸ್ ಹಾಕ್ಸಿದೀನಿ ಸಾರ್, ಆನ್ ಆಗೋವಾಗ ‘ಫರ್ಮ್‌ವೇರ್ ಬಗ್’ ಅಂತ ಒಂದು ಸಾಲು ಬರುತ್ತೆ, ಒಂದೊಂದ್ಸಲ ‘ಹಾರ್ಡ್‌ವೇರ್ ಎರರ್’ ಅಂತಾನೂ ಬರುತ್ತೆ. ಉಬುಂಟು ತೆಗೆದ್ರೆ ಸರಿಹೋಗುತ್ತೆ ಅಂತಾರೆ ಅಂಗಡಿಯವ್ರು, ನಿಜಾನಾ?
– ಓದುಗರು, ಮಂಡ್ಯ

ಉತ್ತರ: ತೆಗೀಬೇಡಿ, ಮೆಸೇಜ್ ಕಾಣಿಸೋದು ನಿಲ್ಲುತ್ತೆ ಅಷ್ಟೇ, ತೊಂದ್ರೆ ಅಲ್ಲೇ ಇರುತ್ತೆ. ಎರಡೂ ಸಾಲು ಬೇರೆ ಬೇರೆ. ‘ಫರ್ಮ್‌ವೇರ್ ಬಗ್’ ಅಂದ್ರೆ ಬಯಾಸ್ (ಆನ್ ಮಾಡಿದ ತಕ್ಷಣ ಮೊದ್ಲು ಓಡೋ, ಕಂಪನಿಯವ್ರೇ ಒಳಗೆ ಹಾಕಿರೋ ಪ್ರೋಗ್ರಾಂ) ಕೊಟ್ಟ ಮಾಹಿತಿ ತಪ್ಪಿದೆ ಅಂತ ಲಿನಕ್ಸ್ ಕರ್ನಲ್, ಅಂದ್ರೆ ಉಬುಂಟುವಿನ ತಿರುಳು ಭಾಗ, ಹೇಳ್ತಿದೆ, ಸಾಮಾನ್ಯವಾಗಿ ಕರ್ನಲ್ಲೇ ಸುಧಾರಿಸ್ಕೊಂಡು ಮುಂದೆ ಹೋಗುತ್ತೆ. ಲ್ಯಾಪ್‌ಟಾಪ್ ಕಂಪನಿ ಸೈಟಲ್ಲಿ ಹೊಸ ಬಯಾಸ್ ಇದ್ರೆ ಹಾಕಿ, ಆದ್ರೆ ದಯವಿಟ್ಟು ಚಾರ್ಜರ್ ಹಾಕಿ ಬ್ಯಾಟರಿ ಫುಲ್ ಇದ್ದಾಗ್ಲೇ ಮಾಡಿ, ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತೋ ಗೊತ್ತಿಲ್ಲ, ಅರ್ಧಕ್ಕೆ ನಿಂತ್ರೆ ಲ್ಯಾಪ್‌ಟಾಪ್ ಆನ್ ಆಗ್ದೇನೇ ಹೋಗ್ಬಹುದು.

ನಂಗೆ ಚಿಂತೆ ಇರೋದು ಎರಡನೇದ್ರ, ಅಂದ್ರೆ ‘ಹಾರ್ಡ್‌ವೇರ್ ಎರರ್’ ಬಗ್ಗೆ. ಪ್ರೊಸೆಸರ್ ತಾನು ಕಂಡ ತಪ್ಪನ್ನ ತನ್ನೊಳಗಿನ ಪುಟ್ಟ ಜಾಗಗಳಲ್ಲೇ (ರಿಜಿಸ್ಟರ್) ಬರ್ದಿಡುತ್ತೆ, ಕರ್ನಲ್ ಅದನ್ನ ಓದಿ ‘ಮೆಷಿನ್ ಚೆಕ್’ ಅಂತ ಲಾಗ್‌ಗೆ, ಅಂದ್ರೆ ದಾಖಲೆ ಫೈಲ್‌ಗೆ, ಹಾಕುತ್ತೆ. ಅಲ್ಲಿ ‘ಕರೆಕ್ಟೆಡ್’ ಅಂತಿದ್ರೆ ತಪ್ಪು ಅಲ್ಲೇ ಸರಿಯಾಗಿದೆ, ‘ಅನ್‌ಕರೆಕ್ಟೆಡ್’ ಅಂತಿದ್ರೆ ಮೊದ್ಲು ಫೋಟೋ, ಡಾಕ್ಯುಮೆಂಟ್ ಎಲ್ಲ ಬೇರೆ ಕಡೆ ಕಾಪಿ ಮಾಡ್ಕೊಳ್ಳಿ. ವಿಂಡೋಸ್ ಹಾಕಿದ್ರೂ ಅದ್ರ ದಾಖಲೆ ನೋಡೋ ಈವೆಂಟ್ ವ್ಯೂವರ್‌ನಲ್ಲಿ ‘ವೀಯಾ ಲಾಗರ್’ (WHEA-Logger) ಹೆಸರಲ್ಲಿ ಇದೇ ದೂರು ಕೂತಿರುತ್ತೆ, ಅದನ್ನ ಯಾರೂ ತೆಗ್ದು ನೋಡಲ್ಲ.

ಇನ್ನೊಂದು, ಇಸಿಸಿ (ತಪ್ಪನ್ನ ತಾನೇ ಕಂಡುಹಿಡಿದು ತಿದ್ದೋ ವ್ಯವಸ್ಥೆ) ಇಲ್ಲದ ಸಾಮಾನ್ಯ ರ‍್ಯಾಮ್ ಕೆಟ್ಟಿದ್ರೆ ಕರ್ನಲ್‌ಗೇ ಗೊತ್ತಾಗ್ದೆ ಇರ್ಬಹುದು, ಅದಕ್ಕೆ ರ‍್ಯಾಮ್ ಪರೀಕ್ಷೆ ಮಾಡೋ ಮೆಮ್‌ಟೆಸ್ಟ್ ಪ್ರೋಗ್ರಾಂನ ರಾತ್ರಿಯಿಡೀ ಓಡಿಸಿ. ಒಳಗೆ ಧೂಳಿದ್ರೆ ಕ್ಲೀನ್ ಮಾಡ್ಸಿ, ಬಿಸಿಗೂ ಎರರ್ ಬರುತ್ತೆ. ಆಮೇಲೂ ಬಂದ್ರೆ ಆ ಸಾಲಿನ ಫೋಟೋ ತೆಗ್ದು ಅಂಗಡಿಯವ್ರಿಗೆ ತೋರ್ಸಿ, ವಾರಂಟಿ ಕೇಳಿ.