ಲೋಗೋ ಚೆನ್ನಾಗಿದೆ, ವ್ಯಾಪಾರ ಯಾಕೆ ಏರಲಿಲ್ಲ?

ಪ್ರಶ್ನೆ: ಸರ್, ನಾನು ಮನೆಯಲ್ಲೇ ಚಟ್ನಿಪುಡಿ, ಹುರಳಿಕಾಳಿನ ಪುಡಿ, ಸಾರಿನ ಪುಡಿ ಮಾಡಿ ಮಾರುತ್ತೇನೆ. ನಾಲ್ಕು ವರ್ಷ ಆಯಿತು. ಹೋದ ವರ್ಷ ಎಂಟು ಸಾವಿರ ಕೊಟ್ಟು ಲೋಗೋ ಮಾಡಿಸಿದೆ. ಒರಳುಕಲ್ಲು, ಅದರ ಮುಂದೆ ಕೂತ ಅಜ್ಜಿ, ಹಿಂದೆ ತೆಂಗಿನ ಮರ, ಸುತ್ತ ಮೆಣಸಿನಕಾಯಿ, ಕೆಳಗೆ ಇಂಗ್ಲಿಷಿನಲ್ಲಿ ಹೆಸರು. ನೋಡಿದವರೆಲ್ಲ ಚೆನ್ನಾಗಿದೆ ಅಂದರು. ವ್ಯಾಪಾರ ಮಾತ್ರ ಎಲ್ಲಿತ್ತೋ ಅಲ್ಲೇ ಇದೆ. ಲೋಗೋದಿಂದ ನಿಜವಾಗಲೂ ಉಪಯೋಗ ಇದೆಯಾ? ನೋಡಿ ಹೇಳಿ ಅಂತ ಒಂದು ಪ್ಯಾಕೆಟ್ ಕಳಿಸಿದ್ದೇನೆ.
– ಓದುಗರು, ಕ್ಯಾತ್ಸಂದ್ರ, ತುಮಕೂರು

ಉತ್ತರ: ಇದೆ ಅಕ್ಕಾ, ಖಂಡಿತ ಇದೆ. ಆದರೆ ಲೋಗೋ ಮಾಡಿಸಿದ ದಿನವೇ ಅದು ಕೆಲಸ ಶುರು ಮಾಡುವುದಿಲ್ಲ. ಗಿರಾಕಿಯ ಕಣ್ಣಿಗೆ ಅದರ ಗುರುತು ಹತ್ತಬೇಕು. ಅಲ್ಲಿಯವರೆಗೆ ಅದು ಬರೀ ಚಿತ್ರ.

ನಿಮ್ಮ ನೂರು ಗ್ರಾಂ ಪ್ಯಾಕೆಟ್ ಈಗ ನನ್ನ ಮೇಜಿನ ಮೇಲಿದೆ. ಲೇಬಲ್ಲಿನಲ್ಲಿ ಲೋಗೋ ಹೆಬ್ಬೆರಳಿನ ಉಗುರಿನಷ್ಟು ಇದೆ. ಅಷ್ಟರಲ್ಲಿ ಅಜ್ಜಿಯ ಮುಖ ಒಂದು ಚುಕ್ಕೆ ಆಗಿದೆ, ಮೆಣಸಿನಕಾಯಿಗಳೆಲ್ಲ ಸೇರಿ ಕೆಂಪು ಗೆರೆ ಆಗಿವೆ, ಇಂಗ್ಲಿಷ್ ಹೆಸರನ್ನು ಓದಲು ಕನ್ನಡಕ ಹಾಕಿಕೊಳ್ಳಬೇಕಾಯಿತು. ಪ್ಯಾಕೆಟ್ಟನ್ನು ಕಿಟಕಿ ಕಟ್ಟೆ ಮೇಲಿಟ್ಟು ನಾಲ್ಕು ಹೆಜ್ಜೆ ಹಿಂದೆ ಬಂದು ನೋಡಿದೆ. ಏನೂ ಗೊತ್ತಾಗಲಿಲ್ಲ. ಅಂಗಡಿಯ ಶೆಲ್ಫಿನಲ್ಲಿ ಗಿರಾಕಿ ನೋಡುವುದು ಅಷ್ಟೇ ದೂರದಿಂದ ಅಲ್ವಾ? ಇದನ್ನು ಮಾಡಿದ ಹುಡುಗ ಕಂಪ್ಯೂಟರಿನ ದೊಡ್ಡ ಪರದೆ ಮೇಲೆ ಮಾಡಿರುತ್ತಾನೆ, ನೀವೂ ಫೋನಿನಲ್ಲಿ ದೊಡ್ಡದು ಮಾಡಿ ನೋಡಿ ಒಪ್ಪಿರುತ್ತೀರಿ.

ಬೆಳಿಗ್ಗೆ ಹಾಲು ತರಲು ಹೋದವರು ಏನಂತ ಕೇಳುತ್ತಾರೆ ನೆನಪಿಸಿಕೊಳ್ಳಿ. "ಒಂದು ನೀಲಿ ಪ್ಯಾಕೆಟ್ ಕೊಡಿ" ಅಂತಾರೆ. ನಂದಿನಿ ಅಂತ ಕೂಡ ಹೇಳುವುದಿಲ್ಲ, ಬಣ್ಣವೇ ಹೆಸರಾಗಿಬಿಟ್ಟಿದೆ. ಮೈಸೂರು ಸ್ಯಾಂಡಲ್ ಸೋಪಿನ ಶರಭ ನೋಡಿ, ಸಿಂಹದ ಮೈ, ಆನೆಯ ತಲೆ. ಎಷ್ಟೋ ಜನಕ್ಕೆ ಅದರ ಹೆಸರು ಶರಭ ಅಂತ ಗೊತ್ತಿಲ್ಲ. ಆದರೂ ಸೋಪು ಯಾವುದು ಅಂತ ತಕ್ಷಣ ಗೊತ್ತಾಗುತ್ತದೆ. ತಲೆಮಾರು ಕಳೆದರೂ ಅವರು ಅದನ್ನು ಬಿಟ್ಟಿಲ್ಲ.

ನೀವು ಒರಳುಕಲ್ಲು ಒಂದನ್ನೇ ಉಳಿಸಿಕೊಳ್ಳಿ. ಅಜ್ಜಿ, ಮರ, ಮೆಣಸಿನಕಾಯಿ ಎಲ್ಲ ತೆಗೆಸಿ. ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಕನ್ನಡದ ಹೆಸರು. ಒಂದೇ ಬಣ್ಣ ಸಾಕು, ಇದರಲ್ಲಿ ದುಡ್ಡಿನ ವಿಷಯವೂ ಇದೆ. ಸ್ಕ್ರೀನ್ ಪ್ರಿಂಟಿನಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಸ್ಕ್ರೀನ್ ಬೇಕು, ಮುಂದೆ ವ್ಯಾಪಾರ ಬೆಳೆದು ಪ್ರಿಂಟ್ ಆದ ಪೌಚುಗಳನ್ನೇ ದೊಡ್ಡ ಮೆಷಿನ್ನಿನಲ್ಲಿ ಮಾಡಿಸುತ್ತೇನೆ ಅಂದರೆ ಬಣ್ಣಕ್ಕೊಂದು ಅಚ್ಚಿನ ಸಿಲಿಂಡರ್ ಮಾಡಿಸಬೇಕಾಗುತ್ತದೆ. ಒಂದು ಪರೀಕ್ಷೆ ಹೇಳುತ್ತೇನೆ. ಹೊಸ ಲೋಗೋವನ್ನು ಮೊದಲು ರಬ್ಬರ್ ಸ್ಟಾಂಪ್ ಮಾಡಿಸಿ, ಖಾಕಿ ಕವರಿನ ಮೇಲೆ ಒತ್ತಿ ನೋಡಿ. ಅಲ್ಲಿ ಸ್ಪಷ್ಟವಾಗಿ ಬಂದರೆ ಎಲ್ಲಿ ಹಾಕಿದರೂ ಬರುತ್ತದೆ.

ಈಗ ಮುಖ್ಯವಾದ ಮಾತು. ನಿಮ್ಮ ಚಟ್ನಿಪುಡಿ ಮನೆಗೆ ಹೋದ ಮೇಲೆ ಏನಾಗುತ್ತದೆ? ಕತ್ತರಿಯಿಂದ ಮೂಲೆ ಕತ್ತರಿಸುತ್ತಾರೆ, ಪುಡಿಯನ್ನು ಸ್ಟೀಲ್ ಡಬ್ಬಿಗೋ ಹಾರ್ಲಿಕ್ಸ್ ಬಾಟಲಿಗೋ ಸುರಿಯುತ್ತಾರೆ, ಪ್ಯಾಕೆಟ್ ಕಸದ ಬುಟ್ಟಿಗೆ ಹೋಗುತ್ತದೆ. ಎಂಟು ಸಾವಿರದ ಲೋಗೋ ಮೊದಲನೇ ದಿನವೇ ಮನೆಯಿಂದ ಹೊರಗೆ! ಪುಡಿ ಮಾತ್ರ ಒಂದು ತಿಂಗಳು ಅಲ್ಲೇ ಇರುತ್ತದೆ, ದಿನಾ ದೋಸೆ ಜೊತೆ ತಿನ್ನುತ್ತಾರೆ, ಚೆನ್ನಾಗಿದೆ ಅಂತಾರೆ, ಮುಗಿದಾಗ ಇದು ಯಾರದ್ದು, ಎಲ್ಲಿ ತಂದದ್ದು ಅಂತ ನೆನಪಾಗುವುದಿಲ್ಲ. ಅದಕ್ಕೆ ಪ್ರತಿ ಪ್ಯಾಕೆಟ್ಟಿನ ಜೊತೆ ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾದ ಗುಂಡಗಿನ ಸ್ಟಿಕ್ಕರ್ ಕೊಡಿ. ಒರಳುಕಲ್ಲು, ಹೆಸರು, ಫೋನ್ ನಂಬರ್, ಅಷ್ಟೇ. "ಡಬ್ಬಿಗೆ ಅಂಟಿಸಿಕೊಳ್ಳಿ" ಅಂತ ಪ್ಯಾಕೆಟ್ ಮೇಲೆ ಬರೆಯಿರಿ. ಡಬ್ಬಿಯ ತಳ ಕಾಣಿಸುವ ದಿನ ನಿಮ್ಮ ನಂಬರ್ ಅವರ ಕಣ್ಣೆದುರಿಗೇ ಇರುತ್ತದೆ. ನನ್ನ ಕೇಳಿದರೆ ಬೋರ್ಡಿಗಿಂತ, ಪಾಂಪ್ಲೆಟ್ಟಿಗಿಂತ ನಿಮ್ಮ ವ್ಯಾಪಾರಕ್ಕೆ ಇದೇ ಜಾಸ್ತಿ ಕೆಲಸ ಮಾಡುತ್ತದೆ.

ವಾಟ್ಸಾಪ್‌ನಲ್ಲಿ ನಿಮ್ಮ ನಂಬರಿಗೆ ಮೊಮ್ಮಗುವಿನ ಫೋಟೋ ಇದೆ. ಮುದ್ದಾಗಿದೆ ಮಗು. ಆದರೆ ವ್ಯಾಪಾರದ ನಂಬರಿಗೆ ಒರಳುಕಲ್ಲೇ ಇರಲಿ. ಅಲ್ಲಿ ಚಿತ್ರ ಗುಂಡಗೆ ಕಾಣುತ್ತದೆ, ಮೂಲೆಗಳು ಹೋಗುತ್ತವೆ, ಅದಕ್ಕೆ ಲೋಗೋ ನಡುವೆ ಇರಲಿ. ಬಿಲ್ಲು, ಕ್ಯೂಆರ್ ಕೋಡಿನ ಸ್ಟ್ಯಾಂಡು, ಪಾರ್ಸಲ್ ಡಬ್ಬ, ಎಲ್ಲ ಕಡೆ ಅದೇ ಕಲ್ಲು, ಅದೇ ಬಣ್ಣ. ಲೋಗೋ ದೊಡ್ಡದು ಮಾಡುವ ಭರದಲ್ಲಿ ಲೇಬಲ್ಲಿನಲ್ಲಿ ಇರಲೇಬೇಕಾದ್ದನ್ನು ಬಿಡಬೇಡಿ. ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್, ಸಸ್ಯಾಹಾರದ ಹಸಿರು ಚುಕ್ಕೆ, ತೂಕ, ಎಂಆರ್‌ಪಿ, ತಾರೀಖು, ವಿಳಾಸ ಎಲ್ಲಕ್ಕೂ ಜಾಗ ಬೇಕು.

ಒಂದು ಎಚ್ಚರಿಕೆ. ಗುರುತು ಹತ್ತಿದ ಮೇಲೆ ಒಂದು ಸಲ ಪುಡಿ ಮುಗ್ಗಲು ವಾಸನೆ ಬಂದರೂ ಜನ ಅದನ್ನು ಅದೇ ಒರಳುಕಲ್ಲಿನ ಜೊತೆ ನೆನಪಿಟ್ಟುಕೊಳ್ಳುತ್ತಾರೆ. ಮಳೆಗಾಲದಲ್ಲಿ ಸ್ವಲ್ಪ ಜಾಸ್ತಿ ಹುಷಾರಾಗಿರಿ.

ಪ್ರಶ್ನೆ: ಅಣ್ಣ, ನಮ್ಮದು ಗಾಣದ ಕೊಬ್ಬರಿ ಎಣ್ಣೆ. ನಮ್ಮ ಲೋಗೋ ಥರಾನೇ ಇರುವ ಲೇಬಲ್ ಹಾಕಿ ಇನ್ನೊಬ್ಬರು ಮಾರಲು ಶುರು ಮಾಡಿದ್ದಾರೆ. ರಿಜಿಸ್ಟರ್ ಮಾಡಿಸಬೇಕಾ? ಹೆಸರಿನಲ್ಲಿ ತಿಪಟೂರು ಇದೆ.
– ಓದುಗರು, ತಿಪಟೂರು

ಉತ್ತರ: ಮಾಡಿಸಿ ತಮ್ಮಾ, ಇನ್ನು ತಡ ಮಾಡಬೇಡ. ಟ್ರೇಡ್‌ಮಾರ್ಕ್ ಅರ್ಜಿಯನ್ನು ಆನ್‌ಲೈನಿನಲ್ಲೇ ಹಾಕಬಹುದು. ಒಬ್ಬರೇ ನಡೆಸುವ ವ್ಯಾಪಾರಕ್ಕೂ ಸಣ್ಣ ಉದ್ಯಮಕ್ಕೂ ಸರ್ಕಾರಿ ಶುಲ್ಕ ಸರಕಿನ ಒಂದು ವರ್ಗಕ್ಕೆ 4,500 ರೂಪಾಯಿ. ಅಡುಗೆ ಎಣ್ಣೆ 29ನೇ ವರ್ಗ, ಅದನ್ನೇ ತಲೆಗೆ ಹಚ್ಚುವ ಎಣ್ಣೆ ಅಂತ ಮಾರಿದರೆ 3ನೇ ವರ್ಗ. ಎರಡೂ ಮಾರುವುದಾದರೆ ಎರಡು ಶುಲ್ಕ. ಅರ್ಜಿ ಸರ್ಕಾರದ ಟ್ರೇಡ್‌ಮಾರ್ಕ್ ಪತ್ರಿಕೆಯಲ್ಲಿ ಪ್ರಕಟವಾದ ಮೇಲೆ ಯಾರಾದರೂ ತಕರಾರು ಹಾಕಲು ನಾಲ್ಕು ತಿಂಗಳು ಸಮಯ ಇರುತ್ತದೆ. ರಿಜಿಸ್ಟರ್ ಆದರೆ ಹತ್ತು ವರ್ಷ, ಆಮೇಲೆ ನವೀಕರಿಸಬಹುದು. ಈಗಲೇ ಟಿಎಂ (ಟ್ರೇಡ್‌ಮಾರ್ಕ್) ಅಂತ ಹಾಕಿಕೊಳ್ಳಬಹುದು. ವೃತ್ತದೊಳಗಿನ ಆರ್ ಗುರುತನ್ನು ಮಾತ್ರ ರಿಜಿಸ್ಟರ್ ಆಗುವ ಮೊದಲು ಹಾಕಬೇಡ, ಅದು ಅಪರಾಧ.

ತಿಪಟೂರು, ಕೊಬ್ಬರಿ ಅನ್ನುವ ಪದಗಳು ನಿನ್ನೊಬ್ಬನವು ಆಗುವುದಿಲ್ಲ. ಊರಿಗೆ ಊರೇ ಕೊಬ್ಬರಿ ಮಾರುತ್ತದೆ. ನಿನ್ನದು ಅಂತ ಹೇಳಿಕೊಳ್ಳಲು ಚಿತ್ರವೋ ಬೇರೆ ಹೆಸರೋ ಬೇಕು. ಹಳೇ ಬಿಲ್ಲು, ಹಳೇ ಲೇಬಲ್, ಪ್ರೆಸ್ಸಿನವರು ಕೊಟ್ಟ ರಸೀದಿ ಎಲ್ಲ ಒಂದು ಫೈಲಿನಲ್ಲಿ ಹಾಕಿಡು, ಯಾರು ಮೊದಲು ಬಳಸಿದ್ದು ಅನ್ನುವುದಕ್ಕೆ ಕಾನೂನಿನಲ್ಲಿ ಬೆಲೆ ಇದೆ.

ಲೋಗೋ ಬರೆದುಕೊಟ್ಟವರಿಂದ, ಇದರ ಹಕ್ಕೆಲ್ಲ ನಿಮಗೇ ಸೇರಿದ್ದು ಅಂತ ಬರಹದಲ್ಲಿ ಸಹಿ ಹಾಕಿಸಿಕೋ. ಜೊತೆಗೆ ಸಿಡಿಆರ್ ಫೈಲನ್ನೂ, ಅಂದರೆ ಕಂಪ್ಯೂಟರಿನಲ್ಲಿ ಲೋಗೋ ಬರೆದ ಮೂಲ ಫೈಲನ್ನೂ ಕೇಳಿ ತಗೋ, ಬರೀ ವಾಟ್ಸಾಪ್ ಫೋಟೋ ಇಟ್ಟುಕೊಂಡರೆ ಬೋರ್ಡಿಗೆ ದೊಡ್ಡದು ಮಾಡಿದಾಗ ಅಂಚೆಲ್ಲ ಒಡೆಯುತ್ತದೆ. ಅಕ್ಷರಗಳನ್ನು ಕರ್ವ್ ಮಾಡಿಸಿಯೇ, ಅಂದರೆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲೂ ಬದಲಾಗದಂತೆ ಚಿತ್ರವಾಗಿ ಮಾಡಿಸಿಯೇ ತಗೋ. ನಾನು ತುಮಕೂರಿನಲ್ಲಿ ಪ್ರೆಸ್ ನಡೆಸುತ್ತಿದ್ದಾಗ ಒಬ್ಬರ ಚಕ್ಕುಲಿ ಲೇಬಲ್ಲನ್ನು ಕರ್ವ್ ಮಾಡದೆ ಅಚ್ಚಿನ ಪ್ಲೇಟ್ ಮಾಡುವವರಿಗೆ ಕಳಿಸಿದ್ದೆ. ಅಲ್ಲಿ ಆ ಫಾಂಟ್ ಇರಲಿಲ್ಲ. ಒತ್ತಕ್ಷರ ಹಾರಿಹೋಗಿ "ಚಕುಲಿ" ಅಂತ ಎರಡು ಸಾವಿರ ಲೇಬಲ್ ಅಚ್ಚಾಗಿ ಬಂತು. ಎಲ್ಲವನ್ನೂ ನನ್ನ ಖರ್ಚಿನಲ್ಲೇ ಮತ್ತೆ ಹಾಕಿಕೊಟ್ಟೆ. ದುಡ್ಡು ಹೋದದ್ದಕ್ಕಿಂತ, ಆ ಯಮ್ಮ ಹಬ್ಬದ ವ್ಯಾಪಾರ ಕಳೆದುಕೊಂಡರಲ್ಲ ಅಂತ ಇವತ್ತಿಗೂ ಬೇಜಾರಿದೆ.

ಪ್ರಶ್ನೆ: ಅಪ್ಪ ಬರೆಸಿದ ಬೇಕರಿ ಬೋರ್ಡ್ ಹಳೆಯದಾಗಿದೆ. ಮಗ ಪೂರ್ತಿ ಹೊಸ ಲೋಗೋ ಮಾಡಿಸೋಣ ಅಂತಾನೆ. ಮಾಡಿಸಲಾ?
– ಓದುಗರು, ಶಿರಾ

ಉತ್ತರ: ಬೋರ್ಡ್ ಬದಲಾಯಿಸಿ, ಅಕ್ಷರ ಬದಲಾಯಿಸಬೇಡಿ. ಕೈಯಲ್ಲಿ ಬರೆದ ಆ ಬಾಗಿದ ಅಕ್ಷರಗಳನ್ನು ನೋಡಿಯೇ ಜನ ಇಷ್ಟು ವರ್ಷ ಒಳಗೆ ಬಂದಿದ್ದಾರೆ. ಬೋರ್ಡ್ ಇಳಿಸುವ ಮೊದಲು ನೇರ ಎದುರಿಗೆ ನಿಂತು ಹಗಲು ಬೆಳಕಿನಲ್ಲಿ ಫೋಟೋ ತೆಗೆಯಿರಿ, ಅದರ ಮೇಲೆಯೇ ಗೆರೆ ಎಳೆದು ಅದೇ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಬರೆದುಕೊಡಲು ಹೇಳಿ. ಮಗ ಬಯಸಿದ ಇಂಗ್ಲಿಷ್ ಹೆಸರು ಕೆಳಗೆ ಸಣ್ಣದಾಗಿ ಇರಲಿ. 2024ರ ಕಾನೂನಿನ ಪ್ರಕಾರ ಬೋರ್ಡಿನಲ್ಲಿ ಶೇಕಡ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಅಪ್ಪನ ಬೋರ್ಡಿನ ಫೋಟೋ ತೆಗೆದ ಮೇಲೆ ನನಗೂ ಒಂದು ಕಳಿಸಿ, ನೋಡುವ ಆಸೆಯಿದೆ.