ಹಾಡು ಹುಟ್ಟಿದ ಕಥೆಯನ್ನು ಎಷ್ಟು ನಂಬಬಹುದು?

ಹಳೆಯ ಪಾಪ್ ಮತ್ತು ರಾಕ್ ಕಲಾವಿದರು ತಮ್ಮ ಜನಪ್ರಿಯ ಹಾಡುಗಳ ಹಿನ್ನೆಲೆಯನ್ನು ಹೇಳಿಕೊಳ್ಳುವ ಸಂದರ್ಶನಗಳ ಕುರಿತು ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಕನಸಿನಲ್ಲಿ ರಾಗ ಬಂತು, ನಿದ್ದೆಗಣ್ಣಿನಲ್ಲಿ ಗಿಟಾರ್ ನುಡಿಸಿದೆ ಎಂದೆಲ್ಲ ಈ ಹಿರಿಯ ಕಲಾವಿದರು ಹೇಳುತ್ತಾರೆ. ಇವು ಆಮೇಲೆ ಕಟ್ಟಿದ ಕಥೆಗಳಲ್ಲವೇ?
– ಓದುಗರು, ಚಿಂತಾಮಣಿ

ಉತ್ತರ: ಕಟ್ಟಿದವೂ ಇರುತ್ತವೆ, ಆದರೆ ಎಲ್ಲವನ್ನೂ ಒಂದೇ ಏಟಿಗೆ ತಳ್ಳಿಹಾಕಲಾಗದು. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿಯವರು ‘ಯೆಸ್ಟರ್‌ಡೇ’ ಕುರಿತು ಹೇಳುವುದನ್ನೇ ನೋಡಿ. ಲಂಡನ್ನಿನ ವಿಂಪೋಲ್ ಸ್ಟ್ರೀಟಿನಲ್ಲಿದ್ದ ಗೆಳತಿಯ ಮನೆಯ ಮೇಲಂತಸ್ತಿನ ಕೋಣೆಯಲ್ಲಿ ಬೆಳಿಗ್ಗೆ ಎದ್ದಾಗ ಇಡೀ ರಾಗ ತಲೆಯಲ್ಲಿತ್ತು, ಹಾಸಿಗೆಯ ಪಕ್ಕದ ಪಿಯಾನೊದಲ್ಲಿ ಅದನ್ನು ನುಡಿಸಿ ಹಿಡಿದಿಟ್ಟುಕೊಂಡೆ ಎನ್ನುತ್ತಾರೆ. ಕನಸಿಗೆ ಸಾಕ್ಷಿ ಇರುವುದಿಲ್ಲ, ಆದರೆ ಅದರ ನಂತರ ನಡೆದದ್ದಕ್ಕೆ ಇದೆ. ಇಷ್ಟು ಸಲೀಸಾಗಿ ಒದಗಿದ ರಾಗ ಬೇರೆ ಯಾರದ್ದೋ ಇರಬೇಕೆಂಬ ಅಳುಕಿನಿಂದ ಅವರು ವಾರಗಟ್ಟಲೆ ಕಂಡವರಿಗೆಲ್ಲ ಅದನ್ನು ನುಡಿಸಿ ತೋರಿಸಿ, ಎಲ್ಲಾದರೂ ಕೇಳಿದ್ದೀರಾ ಎಂದು ವಿಚಾರಿಸಿದರು. ಸಾಹಿತ್ಯ ಸಿದ್ಧವಾಗುವವರೆಗೆ ‘ಸ್ಕ್ರ್ಯಾಂಬಲ್ಡ್ ಎಗ್ಸ್’ ಎಂದು ಮೊಟ್ಟೆಯ ತಿಂಡಿಯ ಹೆಸರನ್ನೇ ಆ ರಾಗಕ್ಕೆ ಹೊಂದಿಸಿ ಹಾಡಿಕೊಳ್ಳುತ್ತಿದ್ದರು. ಇದನ್ನು ಸುತ್ತಲಿದ್ದವರೂ ನೆನಪಿಸಿಕೊಂಡಿದ್ದಾರೆ. ಹಾಡು ಧ್ವನಿಮುದ್ರಣವಾದದ್ದು 1965ರ ಜೂನ್ 14ರಂದು ಎಂಬುದಕ್ಕೆ ಸ್ಟುಡಿಯೊ ದಾಖಲೆಯಿದೆ. ಕನಸು ಬಿದ್ದದ್ದು ಯಾವಾಗ ಎಂಬ ವಿಷಯದಲ್ಲಿ ಮಾತ್ರ ಹೇಳಿಕೆಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ.

ಮೆಕಾರ್ಟ್ನಿಯವರ ಅಳುಕು ಬುಡವಿಲ್ಲದ್ದೇನೂ ಆಗಿರಲಿಲ್ಲ. ಅದೇ ತಂಡದ ಜಾರ್ಜ್ ಹ್ಯಾರಿಸನ್ ಅವರು 1970ರಲ್ಲಿ ಹೊರತಂದ ‘ಮೈ ಸ್ವೀಟ್ ಲಾರ್ಡ್’ ಹಾಡಿನಲ್ಲಿ ಹರೇ ಕೃಷ್ಣ ನಾಮವೂ ನಾವು ಶಾಲೆಯಲ್ಲಿ ಕಲಿತ ‘ಗುರುರ್ಬ್ರಹ್ಮ’ ಶ್ಲೋಕವೂ ಇವೆ. ಅದರ ರಾಗ 1963ರ ಇನ್ನೊಂದು ಹಾಡಿನದೆಂದು ದಾವೆ ನಡೆದು, ಹ್ಯಾರಿಸನ್ ಅರಿವಿಲ್ಲದೆಯೇ ಅದನ್ನು ನಕಲು ಮಾಡಿದ್ದಾರೆಂದು ಅಮೆರಿಕದ ನ್ಯಾಯಾಲಯ 1976ರಲ್ಲಿ ತೀರ್ಪು ನೀಡಿತು. ಹಾಡು ಎಲ್ಲಿಂದ ಬಂತೆಂಬುದು ಹಾಡಿದವರಿಗೇ ಪೂರ್ತಿ ಗೊತ್ತಿರುವುದಿಲ್ಲವೆಂದು ಕಾನೂನೂ ಒಪ್ಪಿದಂತಾಯಿತು.

ನಿದ್ದೆಗಣ್ಣಿನ ಕಥೆ ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ಅವರದು. ರಾತ್ರಿ ಎದ್ದು ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡಿನ ಗಿಟಾರ್ ಪಲುಕನ್ನು ಕ್ಯಾಸೆಟ್ಟಿಗೆ ತುಂಬಿ ಮತ್ತೆ ಮಲಗಿದ ಅವರಿಗೆ ಬೆಳಿಗ್ಗೆ ಏನೂ ನೆನಪಿರಲಿಲ್ಲವಂತೆ. ಟೇಪು ಕೊನೆಯವರೆಗೆ ಓಡಿರುವುದನ್ನು ಕಂಡು ಹಿಂದಕ್ಕೆ ಸುತ್ತಿ ಕೇಳಿದರೆ ಮೊದಲು ಸ್ವಲ್ಪ ಗಿಟಾರ್, ಉಳಿದದ್ದೆಲ್ಲ ಅವರದೇ ಗೊರಕೆ. ಜಂಬಕ್ಕಾಗಿ ಕಥೆ ಕಟ್ಟುವವರು ಗೊರಕೆಯನ್ನು ಸೇರಿಸುವುದಿಲ್ಲ ಎಂಬ ಕಾರಣಕ್ಕೆ ನಾನು ಇದನ್ನು ನಂಬುತ್ತೇನೆ. ಆದರೆ ಇದು ಫ್ಲಾರಿಡಾದ ಹೋಟೆಲಿನಲ್ಲಿ ನಡೆಯಿತೆಂದು ಬಹುಕಾಲ ಪ್ರಚಾರದಲ್ಲಿದ್ದರೆ, 2010ರ ಆತ್ಮಕಥೆಯಲ್ಲಿ ಅವರು ಲಂಡನ್ನಿನ ಮನೆಯನ್ನು ಹೇಳುತ್ತಾರೆ. ನಡೆದದ್ದು ನೆನಪಿನಲ್ಲಿ ಗಟ್ಟಿಯಾಗಿ ಉಳಿಯುತ್ತದೆ, ಜಾಗ ಮತ್ತು ದಿನ ಬೇಗ ಕದಲುತ್ತವೆ.

ಪ್ರಶ್ನೆ: ಗಿಟಾರ್ ತರಗತಿಗೆ ಸೇರಿದ ನನ್ನ ಮಗ ಹಗಲಿರುಳೂ ‘ಸ್ಮೋಕ್ ಆನ್ ದಿ ವಾಟರ್’ ಬಾರಿಸುತ್ತಾನೆ. ಅದು ನಿಜವಾದ ಬೆಂಕಿ ಅನಾಹುತದ ಹಾಡು ಎನ್ನುತ್ತಾನೆ, ಹೌದೇ?
– ಓದುಗರು, ತುಮಕೂರು

ಉತ್ತರ: ಹೌದು. ಈ ಬಗೆಯ ಕಥೆಗಳಲ್ಲಿ ಇದರಷ್ಟು ಪುರಾವೆಯುಳ್ಳವು ಕಡಿಮೆ. 1971ರ ಡಿಸೆಂಬರ್ 4ರಂದು ಸ್ವಿಟ್ಜರ್ಲೆಂಡಿನ ಮಾಂಟ್ರೂ ಪಟ್ಟಣದ ಕ್ಯಾಸಿನೊದಲ್ಲಿ ಫ್ರ್ಯಾಂಕ್ ಜಪ್ಪಾ ಅವರ ಕಾರ್ಯಕ್ರಮ ನಡೆಯುತ್ತಿದ್ದಾಗ ಪ್ರೇಕ್ಷಕನೊಬ್ಬ ಸಿಡಿಸಿದ ಬೆಂಕಿಯ ಉಂಡೆ ಚಾವಣಿಗೆ ತಗುಲಿ ಕಟ್ಟಡವೇ ಸುಟ್ಟುಹೋಯಿತು. ಮರುದಿನದಿಂದ ಅಲ್ಲೇ ಧ್ವನಿಮುದ್ರಣ ಮಾಡಬೇಕೆಂದು ಬಂದಿದ್ದ ಡೀಪ್ ಪರ್ಪಲ್ ತಂಡದವರು ಜಿನೀವಾ ಸರೋವರದ ನೀರಿನ ಮೇಲೆ ಹೊಗೆ ಹರಡುವುದನ್ನು ನೋಡುತ್ತ ನಿಂತರು. ಕೆಲವು ದಿನಗಳ ನಂತರ ಬೇಸ್ ಗಿಟಾರ್ ವಾದಕ ರೋಜರ್ ಗ್ಲೋವರ್ ನಿದ್ದೆಯಿಂದ ಏಳುತ್ತಲೇ ಹಾಡಿನ ಶೀರ್ಷಿಕೆಯಾದ ಆ ಮಾತನ್ನು ಉಚ್ಚರಿಸಿದರಂತೆ.

ಸ್ವಾರಸ್ಯವೇನೆಂದರೆ, ವಾದ್ಯಗಳ ಭಾಗ ಸಾಹಿತ್ಯಕ್ಕಿಂತ ಮೊದಲೇ ಸಿದ್ಧವಾಗಿತ್ತು. ಬೇರೊಂದು ಸಭಾಂಗಣದಲ್ಲಿ ಅದನ್ನು ನುಡಿಸುತ್ತಿದ್ದಾಗ ನೆರೆಹೊರೆಯವರು ಗದ್ದಲದ ದೂರು ಕೊಟ್ಟು, ಪೊಲೀಸರು ಬಂದು ಜಾಗ ಖಾಲಿ ಮಾಡಿಸಿದರು. ತಂಡದವರು ಚಳಿಗಾಲಕ್ಕೆಂದು ಮುಚ್ಚಿದ್ದ ಗ್ರ್ಯಾಂಡ್ ಹೋಟೆಲಿನ ಮೊಗಸಾಲೆಗಳಲ್ಲಿ ಹಾಸಿಗೆಗಳನ್ನು ನಿಲ್ಲಿಸಿ ಸದ್ದು ತಡೆದುಕೊಂಡು, ಹೊರಗೆ ಲಾರಿಯಲ್ಲಿದ್ದ ಧ್ವನಿಮುದ್ರಣ ಯಂತ್ರಗಳ ಸಹಾಯದಿಂದ ಕೆಲಸ ಮುಗಿಸಿದರು. ಇವುಗಳಲ್ಲಿ ಹಲವು ಸಂಗತಿಗಳು ವರದಿ ಬರೆದಂತೆ ಹಾಡಿನ ಸಾಲುಗಳಲ್ಲೇ ಇವೆ.

ಮಗನಿಗೆ ಒಂದು ಮಾತು ತಿಳಿಸಿ. ಡೀಪ್ ಪರ್ಪಲ್‌ನ ಗಿಟಾರ್ ವಾದಕ ರಿಚೀ ಬ್ಲ್ಯಾಕ್‌ಮೋರ್ ಅವರು ಆ ಪಲುಕನ್ನು ಒಂಟಿ ತಂತಿಯಲ್ಲಿ ನುಡಿಸುವುದಿಲ್ಲ. ಎರಡು ತಂತಿಗಳನ್ನು ಬೆರಳುಗಳಿಂದ ಒಟ್ಟಿಗೆ ಮೀಟುತ್ತಾರೆ. ಹಾಗೆ ನುಡಿಸಿದರೆ ಮನೆಯವರಿಗೂ ಕೇಳಲು ಸ್ವಲ್ಪ ಹಿತವಾದೀತು.

ಪ್ರಶ್ನೆ: ನಮ್ಮೂರಿನ ರಿಸೆಪ್ಷನ್ ಒಂದರಲ್ಲಿ ಆರ್ಕೆಸ್ಟ್ರಾದವರು ‘ಎವೆರಿ ಬ್ರೆತ್ ಯೂ ಟೇಕ್’ ಹಾಡಿದರು. ಅದು ಪ್ರೇಮಗೀತೆಯೇ ಅಲ್ಲವೆಂದು ಬಂಧುವೊಬ್ಬರು ಆಕ್ಷೇಪಿಸಿದರು. ಯಾರು ಸರಿ?
– ಓದುಗರು, ಶಿಡ್ಲಘಟ್ಟ

ಉತ್ತರ: ಬರೆದವರ ಮಾತೇ ಕೊನೆಯದಾದರೆ ಬಂಧುಗಳು ಸರಿ. ‘ದಿ ಪೊಲೀಸ್’ ತಂಡದ ಗಾಯಕ ಸ್ಟಿಂಗ್ ಅವರು ತಮ್ಮ ಮೊದಲ ದಾಂಪತ್ಯ ಮುರಿಯುತ್ತಿದ್ದ ಕಾಲದಲ್ಲಿ ಜಮೈಕಾದಲ್ಲಿ ಬರೆದ, 1983ರಲ್ಲಿ ಹೊರಬಂದ ಆ ಹಾಡು ಬಿಟ್ಟುಹೋದವಳ ಮೇಲೆ ಸದಾ ಕಣ್ಣಿಡುವವನ ಹಾಡೆಂದು ಅವರೇ ಹಲವು ಬಾರಿ ವಿವರಿಸಿದ್ದಾರೆ. ಆದರೂ ಲೋಕದ ತುಂಬ ಮದುವೆಗಳಲ್ಲಿ ಅದನ್ನು ನುಡಿಸುವುದು ನಿಂತಿಲ್ಲ. ಆರ್ಕೆಸ್ಟ್ರಾದವರನ್ನು ದೂರುವುದು ಬೇಡ.

ಪ್ರಶ್ನೆ: ಚಿನ್ನದ ಗಣಿಯಲ್ಲಿ ಕೆಲಸ ಮಾಡುತ್ತ, ಸಂಜೆ ಕ್ಲಬ್ಬುಗಳಲ್ಲಿ ಇಂಥ ಹಾಡುಗಳನ್ನು ನುಡಿಸುತ್ತಿದ್ದ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರ ನೆನಪುಗಳನ್ನು ಬರೆದಿಡುವ ಆಸೆಯಿದೆ. ಹೇಗೆ ಆರಂಭಿಸಲಿ?
– ಓದುಗರು, ರಾಬರ್ಟ್‌ಸನ್‌ಪೇಟೆ, ಕೆಜಿಎಫ್

ಉತ್ತರ: ತಡಮಾಡದೆ ಆರಂಭಿಸಿ. ಆ ಕಾಲ ಹೇಗಿತ್ತು ಎಂದು ಕೇಳಿದರೆ ಚೆನ್ನಾಗಿತ್ತು ಎಂಬ ಉತ್ತರ ಸಿಗುತ್ತದೆ, ಅಷ್ಟೆ. ಗಿಟಾರ್ ಎಲ್ಲಿ ಕೊಂಡಿರಿ, ತಂತಿ ಹರಿದರೆ ಏನು ಮಾಡುತ್ತಿದ್ದಿರಿ, ಇಂಗ್ಲಿಷ್ ಹಾಡಿನ ಸಾಲುಗಳನ್ನು ರೇಡಿಯೊ ಕೇಳಿ ಬರೆದುಕೊಂಡಿರೋ ರೆಕಾರ್ಡಿನಿಂದಲೋ, ಪಾಳಿ ಮುಗಿಸಿ ಬಂದ ದಿನ ಅಭ್ಯಾಸಕ್ಕೆ ಯಾರ ಮನೆಯಲ್ಲಿ ಸೇರುತ್ತಿದ್ದಿರಿ ಎಂದು ಕೇಳಿ. ವಸ್ತುವೊಂದನ್ನು ಕೈಗೆ ಕೊಟ್ಟರೆ ಮಾತು ಇನ್ನೂ ಸುಲಭ. ಹಳೆಯ ಫೋಟೊ, ಕಾರ್ಯಕ್ರಮದ ಕರಪತ್ರ, ಕ್ಯಾಸೆಟ್ಟು, ಯಾವುದಾದರೂ ಆದೀತು.

ವರ್ಷ ನೆನಪಾಗದಿದ್ದರೆ ಎಲ್ಲರಿಗೂ ಗೊತ್ತಿರುವ ಘಟನೆಯನ್ನು ಆಧಾರವಾಗಿ ಹಿಡಿಯಿರಿ. ಮದುವೆಗೆ ಮೊದಲೋ ಆಮೇಲೋ, 2001ರ ಫೆಬ್ರುವರಿಯಲ್ಲಿ ಗಣಿ ಮುಚ್ಚುವುದಕ್ಕೆ ಎಷ್ಟು ಮುಂಚೆ ಎಂದು ಕೇಳಿದರೆ ಕಾಲ ಸರಿಸುಮಾರಾಗಿ ತಿಳಿಯುತ್ತದೆ. ಒಂದೇ ತಂಡದ ಇಬ್ಬರನ್ನು ಬೇರೆ ಬೇರೆಯಾಗಿ ಮಾತನಾಡಿಸುವುದನ್ನು ಮರೆಯಬೇಡಿ. ಜೊತೆಗೆ ಕೂರಿಸಿದರೆ ದನಿ ಜೋರಿರುವವರ ಕಥೆಯೇ ಇಬ್ಬರದ್ದೂ ಆಗಿಬಿಡುತ್ತದೆ. 1967ರ ‘ಎ ವೈಟರ್ ಶೇಡ್ ಆಫ್ ಪೇಲ್’ ಹಾಡಿನ ಆರ್ಗನ್ ಭಾಗ ನನ್ನ ರಚನೆಯೆಂದು ಅದನ್ನು ನುಡಿಸಿದ ಪ್ರೊಕಲ್ ಹ್ಯಾರಮ್ ತಂಡದ ಮ್ಯಾಥ್ಯೂ ಫಿಶರ್ ಅವರು ತಂಡದ ಸಂಗಾತಿಯ ವಿರುದ್ಧವೇ 2005ರಲ್ಲಿ ದಾವೆ ಹೂಡಬೇಕಾಯಿತು. ಸಹರಚನಕಾರರೆಂದು 2009ರಲ್ಲಿ ಅಂತಿಮವಾಗಿ ಅವರ ಪರ ತೀರ್ಪು ಬಂತು. ನಿಮ್ಮ ಹಿರಿಯರಲ್ಲೂ ಇಬ್ಬರು ಎರಡು ಬಗೆಯಾಗಿ ಹೇಳಿದರೆ ಎರಡನ್ನೂ ಹೇಳಿದವರ ಹೆಸರು ಮತ್ತು ದಿನಾಂಕದೊಂದಿಗೆ ಬರೆದಿಡಿ, ನೀವಾಗಿ ರಾಜಿ ಮಾಡಿಸಲು ಹೋಗಬೇಡಿ.