ಲೇಖಕರು ಓದುವಾಗ ಹೊರಗಿನವರೂ ಹೋಗಬಹುದಾ?

ಪ್ರಶ್ನೆ: ವಿಶ್ವವಿದ್ಯಾಲಯದ ಬರವಣಿಗೆ ವಿಭಾಗಕ್ಕೆ ಲೇಖಕರು ಬಂದು ತಮ್ಮ ಕಥೆ, ಕವಿತೆ ಓದುತ್ತಾರಂತೆ. ನಾನು ಅಲ್ಲಿನ ವಿದ್ಯಾರ್ಥಿ ಅಲ್ಲ, ಅವರ ಪುಸ್ತಕವನ್ನೂ ಓದಿಲ್ಲ. ಹೋಗಬಹುದಾ? ಮನೆಯಲ್ಲೇ ಓದಿಕೊಂಡರೆ ಸಾಕಲ್ವಾ?

ಉತ್ತರ: ಧೈರ್ಯವಾಗಿ ಹೋಗಿ. ಸಾರ್ವಜನಿಕರಿಗೆ ಪ್ರವೇಶ ಎಂದು ಹಾಕಿದ್ದರೆ ಅದು ನಿಮಗಾಗಿಯೇ ಹಾಕಿದ್ದು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ 1936ರಲ್ಲಿ ಬರಹಗಾರರ ಕಾರ್ಯಾಗಾರ ಶುರುವಾಯಿತು, 1967ರಲ್ಲಿ ಬೇರೆ ಬೇರೆ ದೇಶಗಳ ಲೇಖಕರನ್ನು ಕರೆಸುವ ಇನ್ನೊಂದು ಕಾರ್ಯಕ್ರಮವೂ ಸೇರಿಕೊಂಡಿತು. ಅಲ್ಲಿ ಲೇಖಕರು ಕ್ಯಾಂಪಸ್ಸಿನಲ್ಲಷ್ಟೇ ಅಲ್ಲ, ಊರಿನ ಪುಸ್ತಕದಂಗಡಿಯಲ್ಲೂ ಓದುತ್ತಾರೆ, ಊರಿನ ಜನರೂ ಬಂದು ಕೂರುತ್ತಾರೆ.

ಮನೆಯಲ್ಲಿ ಓದಿದರೆ ಸಾಕಾ ಅಂದಿರಿ. ಒಮ್ಮೆ ನಾನು ಮುಂದಿನ ಸಾಲಿನಲ್ಲೇ ಕೂತಿದ್ದೆ. ಲೇಖಕಿಯ ಕೈಯಲ್ಲಿದ್ದದ್ದು ಅಚ್ಚಾದ ಪುಸ್ತಕ, ಆದರೆ ಅದರಲ್ಲೂ ಪೆನ್ಸಿಲ್ಲಿನಿಂದ ಎರಡು ಸಾಲು ಹೊಡೆದು ಹಾಕಿದ್ದರು, ಓದುವಾಗ ಅವನ್ನು ಬಿಟ್ಟು ಮುಂದೆ ಹೋದರು. ಅಚ್ಚಾದ ಮೇಲೂ ತಿದ್ದುತ್ತಾರೆ ಅನ್ನೋದು ನನಗೆ ಗೊತ್ತಾಗಿದ್ದೇ ಅವತ್ತು. ಆಮೇಲೆ ಉಸಿರು. ಎಲ್ಲಿ ನಿಲ್ಲುತ್ತಾರೆ, ಯಾವ ಮಾತನ್ನು ಮೆಲ್ಲಗೆ ಹೇಳುತ್ತಾರೆ ಅನ್ನೋದು ಪುಟದಲ್ಲಿ ಕಾಣೋದಿಲ್ಲ.

ಕೊನೆಗೆ ಪ್ರಶ್ನೆ ಕೇಳಲು ಸಮಯ ಕೊಟ್ಟರೆ, ನಿಮಗೆ ಸ್ಫೂರ್ತಿ ಏನು ಅಂತ ಸುಮ್ನೆ ಕೇಳಬೇಡಿ. ಆಗ ತಾನೇ ಕೇಳಿದ ಒಂದು ಸಾಲು ಹಿಡಿದುಕೊಳ್ಳಿ: ಕಥೆಯನ್ನು ಅಲ್ಲಿಗೇ ಯಾಕೆ ನಿಲ್ಲಿಸಿದಿರಿ, ಆ ಹುಡುಗನಿಗೆ ಹೆಸರೇ ಯಾಕಿಲ್ಲ, ಹೀಗೆ. ಇಂಥ ಪ್ರಶ್ನೆಗೆ ಪುಸ್ತಕ ಮೊದಲೇ ಓದಿರಬೇಕಿಲ್ಲ, ಗಮನ ಕೊಟ್ಟು ಕೇಳಿದ್ದರೆ ಸಾಕು. ರೆಕಾರ್ಡ್ ಮಾಡೋದಾದರೆ ಮಾತ್ರ ಮೊದಲು ಒಪ್ಪಿಗೆ ಕೇಳಿ.